ಒಂದೂವರೆಗೆ ಬಾಗಿಲು ಹಾಕುವ ಸರ್ಕಾರ

ಮಾರ್ಚ್ ಮುಗಿಯುವ ಹೊತ್ತಿಗೆ ಬೆಂಗಳೂರಿನಿಂದ ಒಂದು ಆದೇಶ ಹೊರಡುತ್ತದೆ. ಕಲಬುರಗಿ ವಿಭಾಗದ ಜಿಲ್ಲೆಗಳಲ್ಲಿ, ಜೊತೆಗೆ ಬೆಳಗಾವಿ ವಿಭಾಗದ ವಿಜಯಪುರ ಮತ್ತು ಬಾಗಲಕೋಟೆಯಲ್ಲಿ, ಏಪ್ರಿಲ್ ಮತ್ತು ಮೇ ತಿಂಗಳು ಸರ್ಕಾರಿ ಕಚೇರಿಗಳು ಬೆಳಗ್ಗೆ 8ಕ್ಕೆ ತೆರೆದು ಮಧ್ಯಾಹ್ನ 1.30ಕ್ಕೆ ಮುಚ್ಚಬೇಕು ಎಂಬುದು ಅದರ ಸಾರ. ಹೆಚ್ಚುಕಡಿಮೆ ಪ್ರತಿ ಬೇಸಿಗೆಯಲ್ಲೂ ಬರುವ ಈ ಆದೇಶವನ್ನು ನೌಕರರು ಸ್ವಾಗತಿಸುತ್ತಾರೆ, ಪತ್ರಿಕೆಗಳು ಜಿಲ್ಲಾ ಪುಟದಲ್ಲಿ ಅಚ್ಚು ಹಾಕುತ್ತವೆ, ಜನರೂ ಸರಿಯೆಂದು ತಲೆದೂಗುತ್ತಾರೆ. ಅದರ ಬೆನ್ನಿಗೇ ಆರೋಗ್ಯ ಇಲಾಖೆಯ ಸಲಹೆಗಳು ಬರುತ್ತವೆ: ನಡುಹಗಲಿನಲ್ಲಿ ಹೊರಗೆ ಹೋಗಬೇಡಿ, ನೀರು, ಮಜ್ಜಿಗೆ ಹೆಚ್ಚು ಕುಡಿಯಿರಿ, ಹತ್ತಿ ಬಟ್ಟೆ ತೊಡಿ, ತಲೆಗೆ ಟವೆಲ್ ಸುತ್ತಿಕೊಳ್ಳಿ. ಇವೆರಡೂ ಆದಮೇಲೆ ಬೇಸಿಗೆಗೆ ಸರ್ಕಾರ ಸಜ್ಜಾಯಿತು ಎಂದು ಎಲ್ಲರೂ ಒಪ್ಪಿಕೊಂಡುಬಿಡುತ್ತೇವೆ.

ಸರ್ಕಾರ ಸಜ್ಜಾಗಿಲ್ಲ. ಅದು ತನ್ನ ಮೇಜು-ಕುರ್ಚಿಗಳನ್ನು ಮಾತ್ರ ಬಿಸಿಲಿನಿಂದ ಕಾಪಾಡಿಕೊಂಡಿದೆ. ಗುಮಾಸ್ತರಿಗೆ ನೆರಳು ಸಿಗಬಾರದೆಂಬ ಹಟ ನನಗಿಲ್ಲ. ಕಾದ ಗಾಳಿಯನ್ನೇ ತಿರುವಿ ಹಾಕುವ ಫ್ಯಾನಿನ ಕೆಳಗೆ ಸಂಜೆಯ ತನಕ ಕಡತ ನೋಡುವುದು ಯಾರಿಗೂ ಬೇಡ. ನನ್ನ ತಕರಾರು ಆ ಆದೇಶದ ತಳದಲ್ಲಿರುವ ನಂಬಿಕೆಯ ಮೇಲೆ. ಬಿಸಿಲು ಜನರ ಮೈಗೆ ಸಂಬಂಧಿಸಿದ ವಿಷಯ, ಅದರಿಂದ ತಪ್ಪಿಸಿಕೊಳ್ಳುವುದು ಅವರವರ ಎಚ್ಚರಿಕೆಗೆ ಬಿಟ್ಟದ್ದು, ಸರ್ಕಾರದ ಕೆಲಸ ಎಚ್ಚರಿಕೆ ಹೇಳುವುದಷ್ಟೇ ಎನ್ನುವ ನಂಬಿಕೆ ಅದು. ಸುಡುಬೇಸಿಗೆಯಲ್ಲಿ ಅತಿ ಹೆಚ್ಚು ಜನರನ್ನು ಬಿಸಿಲಿಗಿಳಿಸಿ ದುಡಿಸುವ ಯಜಮಾನ ಸರ್ಕಾರವೇ. ಹಗಲಿಡೀ ಕಾಯುವ ಕಟ್ಟಡಗಳು ಹೆಚ್ಚಾಗಿರುವುದೂ ಸರ್ಕಾರದ ಬಳಿಯೇ. ಈ ಎರಡು ಸಂಗತಿಗಳನ್ನು ಬದಿಗಿಟ್ಟು ಮಾಡುವ ಯಾವ ಸಿದ್ಧತೆಯೂ ಸಿದ್ಧತೆಯಲ್ಲ.

ಮೊದಲು ಆ ಒಂದೂವರೆ ಗಂಟೆಯನ್ನೇ ನೋಡೋಣ. ಹಳ್ಳಿಯಿಂದ ತಾಲ್ಲೂಕು ಕೇಂದ್ರಕ್ಕೆ ಬರುವವರಿಗೆ ಬೆಳಗಿನ ಬಸ್ಸು ಒಂದೋ ಎರಡೋ. ಅದು ತುಂಬಿ, ಊರೂರು ನಿಂತು, ತಾಲ್ಲೂಕು ಮುಟ್ಟುವ ಹೊತ್ತಿಗೆ ಹತ್ತು ಹತ್ತೂವರೆ. ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದು ಕಾಲೇಜು ಸೇರುವ ಮಕ್ಕಳಿಗೆ ಜಾತಿ-ಆದಾಯ ಪ್ರಮಾಣಪತ್ರ ಬೇಕಾಗುವುದು ಇದೇ ದಿನಗಳಲ್ಲಿ. ಕಲ್ಯಾಣ ಕರ್ನಾಟಕದವರಿಗೆ ಸಂವಿಧಾನದ 371ಜೆ ಮೀಸಲಾತಿಯ ಅರ್ಹತಾ ಪತ್ರವೂ ಬೇಕು. ಮುಂಗಾರಿಗೆ ಮುಂಚೆ ಪಹಣಿ, ಸಾಲ, ಬೀಜಗಳ ಕೆಲಸವೂ ಇದೇ ಹೊತ್ತಿಗೆ. ಸರದಿಯಲ್ಲಿ ನಿಂತು, ಸರ್ವರ್ ಬರಲೆಂದು ಕಾದು, ಇವರ ಸರತಿ ಬರುವಷ್ಟರಲ್ಲಿ ಕಚೇರಿ ಮುಚ್ಚುತ್ತದೆ. ಆಗ ಹೊರಗೆ ದಿನದ ಅತಿ ಕೆಟ್ಟ ಬಿಸಿಲು. ಮರಳುವ ಬಸ್ಸು ಮೂರಕ್ಕೋ ನಾಲ್ಕಕ್ಕೋ. ಕುಳಿತು ಕಾಯಲು ಕಚೇರಿಯ ಪಡಸಾಲೆಯೂ ಇಲ್ಲ, ಬಾಗಿಲಿಗೆ ಬೀಗ ಬಿದ್ದಿದೆ. ಇಲಾಖೆಯ ಸಲಹೆ ಯಾವ ಹೊತ್ತಿನಲ್ಲಿ ಹೊರಗಿರಬೇಡಿ ಅನ್ನುತ್ತದೋ ಅದೇ ಹೊತ್ತಿಗೆ ಇನ್ನೊಂದು ಇಲಾಖೆ ಜನರನ್ನು ಹೊರಗೆ ತಂದು ನಿಲ್ಲಿಸುತ್ತದೆ. ಕಚೇರಿಯ ವೇಳೆ ಬದಲಿಸಿದ ದಿನವೇ ಬಸ್ಸಿನ ವೇಳೆಯನ್ನೂ ಬದಲಿಸಬೇಕೆಂದು, ಒಂದೂವರೆಯ ನಂತರವೂ ಪಡಸಾಲೆ ತೆರೆದಿಟ್ಟು ಅಲ್ಲೊಂದು ನೀರಿನ ಕೊಡ ಇಡಬೇಕೆಂದು ಹೇಳಲು ಮಹಾ ತಜ್ಞತೆ ಬೇಕಿಲ್ಲ. ಜನರು ಕಚೇರಿಗೆ ಹೇಗೆ ಬಂದು ಮುಟ್ಟುತ್ತಾರೆ ಎಂಬುದನ್ನು ಒಮ್ಮೆ ಯೋಚಿಸಿದರೆ ಸಾಕಿತ್ತು.

ಕಚೇರಿಯಿಲ್ಲದೆ ಸರ್ಕಾರಿ ಕೆಲಸ ಮಾಡುವವರ ಪಾಡು ಇನ್ನೂ ಕಷ್ಟದ್ದು. ಬೆಳಗ್ಗೆ ಪೊರಕೆ ಹಿಡಿದ ಪೌರಕಾರ್ಮಿಕರ ಪಾಳಿ ಡಾಂಬರು ಕಾದು ಮೆತ್ತಗಾಗುವ ಹೊತ್ತಿನ ತನಕ ನಡೆಯುತ್ತದೆ. ಜೆಸ್ಕಾಂ ಲೈನ್‌ಮನ್ ಕಂಬ ಹತ್ತುವುದು ಹೆಚ್ಚಾಗಿ ಮಧ್ಯಾಹ್ನವೇ, ಏಕೆಂದರೆ ಊರಿನ ಕೂಲರುಗಳೆಲ್ಲ ಒಟ್ಟಿಗೆ ತಿರುಗಿ ಟಿಸಿ ಸುಡುವುದು ಆಗಲೇ. ಕಲ್ಯಾಣ ಕರ್ನಾಟಕ ಸಾರಿಗೆಯ ಚಾಲಕ ಕೂರುವ ಸೀಟಿನ ಪಕ್ಕದಲ್ಲೇ ಎಂಜಿನ್ ಕುದಿಯುತ್ತಿರುತ್ತದೆ. ಆಶಾ ಕಾರ್ಯಕರ್ತೆ ಮನೆಮನೆ ಸುತ್ತುತ್ತಾಳೆ. ಅವಳನ್ನು ಸರ್ಕಾರ ನೌಕರಳೆಂದು ಒಪ್ಪಿಯೇ ಇಲ್ಲ. ಗೌರವಧನ, ಪ್ರೋತ್ಸಾಹಧನಗಳ ಲೆಕ್ಕದಲ್ಲಿ ದುಡಿಯುವವಳಿಗೆ ವೇಳಾಪಟ್ಟಿ ಬದಲಿಸುವ ಆದೇಶ ಅನ್ವಯವಾಗುವುದಾದರೂ ಹೇಗೆ?

ಉದ್ಯೋಗ ಖಾತ್ರಿಯ ಕತೆಯಲ್ಲಿ ಇದು ಇನ್ನೂ ಸ್ಪಷ್ಟ. ಬಯಲುಸೀಮೆಯಲ್ಲಿ ಹೊಲದ ಕೆಲಸ ನಿಂತುಹೋಗುವ ಏಪ್ರಿಲ್-ಮೇ ತಿಂಗಳಲ್ಲೇ ನರೇಗಾಕ್ಕೆ ಜನ ಹೆಚ್ಚಾಗಿ ಬರುತ್ತಿದ್ದರು. ಕೆರೆ ಹೂಳು, ಬದು, ಕೃಷಿ ಹೊಂಡ, ಎಲ್ಲವೂ ಬಟ್ಟಬಯಲಿನ ಕೆಲಸ. ಕಾಮಗಾರಿ ಸ್ಥಳದಲ್ಲಿ ಕುಡಿಯುವ ನೀರು, ನೆರಳು, ಪ್ರಥಮ ಚಿಕಿತ್ಸೆ ಇರಲೇಬೇಕೆಂದು ಆ ಕಾಯ್ದೆಯಲ್ಲೇ ಬರೆದಿತ್ತು. ಬಿಸಿಲ ಜಿಲ್ಲೆಗಳಲ್ಲಿ ಕೆಲಸದ ಪ್ರಮಾಣಕ್ಕೆ ರಿಯಾಯಿತಿ ಕೊಡುವ ಒಳ್ಳೆಯ ಪದ್ಧತಿಯೂ ರಾಜ್ಯದಲ್ಲಿತ್ತು, ಅದನ್ನು ಮೆಚ್ಚಿಯೇ ಹೇಳುತ್ತೇನೆ. ಆದರೆ 2023ರ ಜನವರಿ 1ರಿಂದ, ವೈಯಕ್ತಿಕ ಫಲಾನುಭವಿಗಳ ಕಾಮಗಾರಿ ಬಿಟ್ಟು ಉಳಿದೆಲ್ಲಕ್ಕೂ ಮೊಬೈಲ್ ಹಾಜರಾತಿ ಕಡ್ಡಾಯವಾಯಿತು. ದಿನಕ್ಕೆರಡು ಬಾರಿ, ಸ್ಥಳದಲ್ಲೇ ನಿಂತು, ಫೋಟೊ. ಬೆಳಕು ಹರಿಯುವ ಮುಂಚೆ ಬಂದು, ಅಳತೆಯ ಗುಂಡಿ ತೋಡಿ ಮುಗಿಸಿ, ಬಿಸಿಲೇರುವ ಮೊದಲೇ ಮನೆ ಸೇರುತ್ತಿದ್ದ ಹೆಂಗಸರು ಎರಡನೆಯ ಫೋಟೊಗಾಗಿ ಬಯಲಲ್ಲಿ ಕಾದು ಕೂರಬೇಕಾಯಿತು. ಜನ ತಲೆಮಾರುಗಳಿಂದ ಕಲಿತಿದ್ದ ಬಿಸಿಲಿನ ಜಾಣತನವನ್ನು ಹಾಜರಾತಿಯ ಒಂದು ಆ್ಯಪ್ ರದ್ದು ಮಾಡಿತು. ಅದನ್ನು ರೂಪಿಸುವಾಗ ಯಾದಗಿರಿಯ ಮೇ ತಿಂಗಳು ಯಾರ ಲೆಕ್ಕದಲ್ಲೂ ಇರಲಿಲ್ಲ. 2025-26ರ ₹370 ಕೂಲಿಗಾಗಿ ಬಂದವರು ಆ ಫೋಟೊ ಬಿಟ್ಟು ಹೋಗಲಾರರು.

ಇಷ್ಟು ಹೇಳಿದಾಗಲೆಲ್ಲ ಒಂದು ಉತ್ತರ ಬರುತ್ತದೆ. ಅಧಿಕಾರಿಗಳು ಹೇಳುತ್ತಾರೆ, ರಾಜಕಾರಣಿಗಳು ಹೇಳುತ್ತಾರೆ, ನೋವಿನ ಸಂಗತಿಯೆಂದರೆ ನಮ್ಮವರೇ ಅಭಿಮಾನದಿಂದ ಹೇಳಿಕೊಳ್ಳುತ್ತಾರೆ: "ನಮ್ಮ ಮಂದಿಗೆ ಬಿಸಲ ಏನು ಹೊಸಾದಲ್ರಿ, ಮೈಗೂಡ್ಯದ." ಬಳ್ಳಾರಿಯಲ್ಲಿ ಇರುವುದು ಎರಡೇ ಕಾಲ, ಬೇಸಿಗೆ ಮತ್ತು ಕಡುಬೇಸಿಗೆ ಎಂಬ ಮಾತು ರಾಜ್ಯಕ್ಕೆಲ್ಲ ಗೊತ್ತು. ಈ ಮಾತನ್ನು ನಾನು ಪೂರ್ತಿ ತಿರಸ್ಕರಿಸುತ್ತೇನೆ. ಮೈ ಬಿಸಿಲಿಗೆ ಒಗ್ಗುವುದು ನಿಜ. ವಾರ ಹದಿನೈದು ದಿನ ಬಿಸಿಲಲ್ಲಿ ದುಡಿದರೆ ಬೆವರು ಬೇಗ ಬರುತ್ತದೆ, ಬೆವರಿನ ಜೊತೆ ಹೋಗುವ ಉಪ್ಪು ಕಡಿಮೆಯಾಗುತ್ತದೆ, ಎದೆಬಡಿತ ಹದಕ್ಕೆ ಬರುತ್ತದೆ. ಆದರೆ ಆ ಒಗ್ಗಿಕೆಗೆ ಕುಡಿಯಲು ನೀರು ಬೇಕು, ನಡುವೆ ವಿಶ್ರಾಂತಿ ಬೇಕು, ರಾತ್ರಿ ಮೈ ತಣಿಯಬೇಕು. ಕೆಲವು ವಾರ ಬಿಸಿಲಿನಿಂದ ದೂರವಿದ್ದರೆ ಅದು ಅಳಿಸಿಯೂ ಹೋಗುತ್ತದೆ. ಎಷ್ಟೇ ಒಗ್ಗಿದರೂ ದೇಹದೊಳಗಿನ ಉಷ್ಣತೆ 40 ಡಿಗ್ರಿ ದಾಟಿದರೆ ಮಿದುಳು, ಮೂತ್ರಪಿಂಡ, ಯಕೃತ್ತು ಸೋಲುತ್ತವೆ. ರಾಯಚೂರಿನಲ್ಲಿ ಹುಟ್ಟಿದವರ ಮೂತ್ರಪಿಂಡ ಮಡಿಕೇರಿಯವರದಕ್ಕಿಂತ ಬೇರೆ ಜಾತಿಯದೇನಲ್ಲ.

ಬಿಸಿಲನ್ನು ತಾಳಿಕೊಂಡದ್ದು ನಮ್ಮ ಹಿರಿಯರ ಮೈಯಷ್ಟೇ ಅಲ್ಲ, ಅವರ ಮನೆಗಳೂ ಹೌದು. ದಪ್ಪ ಗೋಡೆ, ಮೇಲೆ ಮಣ್ಣಿನ ಮಾಳಿಗೆ, ಬೆಳಕಿಗೊಂದು ಬೆಳಕಿಂಡಿ. ಹೊರಗೆ ಬೆಂಕಿ ಸುರಿದರೂ ಒಳಗೆ ತಂಪು. ಇಂದು ಮಾಳಿಗೆಗೆ ಮಣ್ಣು ಹೊತ್ತು ಹಾಕುವವರಿಲ್ಲ, ಸೋರಿದರೆ ರಿಪೇರಿ ಮಾಡುವವರಿಲ್ಲ. ಆ ಜಾಗಕ್ಕೆ ತಗಡು ಬಂದಿದೆ, ಇಲ್ಲವೇ ತೆಳುವಾದ ಕಾಂಕ್ರೀಟು. ಹಗಲು ಹೀರಿಕೊಂಡ ಝಳವನ್ನು ಕಾಂಕ್ರೀಟು ರಾತ್ರಿಯಿಡೀ ಒಳಗೆ ಬಿಡುತ್ತದೆ. ಮನೆಯ ಮಾತು ಹಾಗಿರಲಿ, ಸರ್ಕಾರ ತಾನೇ ಕಟ್ಟಿದ ಅಂಗನವಾಡಿ, ಶಾಲಾ ಕೊಠಡಿ, ಉಪಕೇಂದ್ರಗಳನ್ನು ನೋಡಿ. ಮಲೆನಾಡಿಗೂ ಮಾನ್ವಿಗೂ ಹೆಚ್ಚುಕಡಿಮೆ ಒಂದೇ ನಕ್ಷೆ. ಮಂದಿಗೆ ಮೈಗೂಡಿದೆ ಅನ್ನುವವರು, ಮೈಗೂಡಲು ನೆರವಾಗುತ್ತಿದ್ದುದೆಲ್ಲ ಕೈಬಿಟ್ಟುಹೋದದ್ದನ್ನು ಗಮನಿಸಿಲ್ಲ.

ಶಾಖದ ಅಲೆಯ ಸರ್ಕಾರಿ ವ್ಯಾಖ್ಯೆಯೂ ಮೈಗೂಡಿದೆ ಎಂಬ ಇದೇ ಮಾತಿಗೆ ಇಂಬು ಕೊಡುತ್ತದೆ. ಹವಾಮಾನ ಇಲಾಖೆಯ ಪ್ರಕಾರ ಬಯಲು ಪ್ರದೇಶದಲ್ಲಿ ಗರಿಷ್ಠ ಉಷ್ಣಾಂಶ 40 ಮುಟ್ಟಿ, ಅದು ವಾಡಿಕೆಗಿಂತ 4.5 ಡಿಗ್ರಿ ಮೇಲಿರಬೇಕು. ಇಲ್ಲವೇ ನೇರವಾಗಿ 45 ತಲುಪಬೇಕು. ಆಗ ಮಾತ್ರ ಅದು ಶಾಖದ ಅಲೆ. ಬೇಸಿಗೆಯ ವಾಡಿಕೆಯೇ 40ರ ಆಚೀಚೆ ಇರುವ ಕಲಬುರಗಿಯಲ್ಲಿ ಪಾದರಸ 43ಕ್ಕೆ ಏರಿ ವಾರಗಟ್ಟಲೆ ಅಲ್ಲೇ ನಿಂತರೂ ಶಾಖದ ಅಲೆಯ ಘೋಷಣೆ ಆಗಬೇಕಿಲ್ಲ. ಮುನ್ಸೂಚನೆ ಕೊಡುವ ಇಲಾಖೆಗೆ ಅಂಥದೊಂದು ಅಳತೆಗೋಲು ಬೇಕು, ಅದರಲ್ಲಿ ತಪ್ಪಿಲ್ಲ. ಆ ಅಳತೆಗೋಲನ್ನೇ ಆಸ್ಪತ್ರೆಗೂ ಕಾಮಗಾರಿಗೂ ಶಾಲೆಗೂ ಹಿಡಿಯುವುದು ತಪ್ಪು. ಅಹಮದಾಬಾದ್ ಹಾಗೆ ಮಾಡಲಿಲ್ಲ. 2010ರ ಮೇ ತಿಂಗಳಲ್ಲಿ ಅಲ್ಲಿ 46.8 ಡಿಗ್ರಿ ಬಿಸಿಲು ಕಾದು, ಆ ಒಂದೇ ತಿಂಗಳಲ್ಲಿ ವಾಡಿಕೆಗಿಂತ 1,344 ಸಾವು ಹೆಚ್ಚಾದವು. ಆ ನಗರ ತನ್ನ ಸಾವಿನ ಲೆಕ್ಕವನ್ನು ಉಷ್ಣಾಂಶದ ಪಕ್ಕದಲ್ಲಿಟ್ಟು ನೋಡಿ, ಯಾವ ಮಟ್ಟದಲ್ಲಿ ತನ್ನ ಜನ ಸಾಯತೊಡಗುತ್ತಾರೆಂದು ಗುರುತಿಸಿ, ತನ್ನದೇ ಎಚ್ಚರಿಕೆಯ ಬಣ್ಣಗಳನ್ನು ಗೊತ್ತುಮಾಡಿ, 2013ರಲ್ಲಿ ದಕ್ಷಿಣ ಏಷ್ಯಾದ ಮೊದಲ ಶಾಖ ಕಾರ್ಯಯೋಜನೆ ತಂದಿತು. ಅದರಿಂದ ವರ್ಷಕ್ಕೆ ಸರಾಸರಿ 1,190 ಸಾವು ತಪ್ಪಿದವೆಂದು ನಂತರದ ಅಧ್ಯಯನವೊಂದು ಅಂದಾಜಿಸಿತು. ನಮ್ಮಲ್ಲಿ ಹೋಬಳಿ ಮಟ್ಟದಲ್ಲಿ ಹವಾಮಾನ ಅಳೆಯುವ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವೇ ಇದೆ. ಉಷ್ಣಾಂಶದ ಅಂಕಿಗಳು ಅಲ್ಲಿ ಬೀಳುತ್ತವೆ, ಸಾವಿನ ನೋಂದಣಿ ಪಂಚಾಯಿತಿ, ಪುರಸಭೆಗಳಲ್ಲಿ ನಡೆಯುತ್ತದೆ. ಎರಡನ್ನೂ ಒಂದೇ ಮೇಜಿಗೆ ತಂದು ಓದುವ ಕೆಲಸ ಪ್ರತಿ ತಾಲ್ಲೂಕಿಗೂ ಆಗಬೇಕು.

ಸಾವಿನ ಲೆಕ್ಕದ ವಿಷಯದಲ್ಲಿ ಸ್ವಲ್ಪ ನಿಲ್ಲಲೇಬೇಕು. 2024ರ ಮಾರ್ಚ್ 1ರಿಂದ ಜೂನ್ 18ರವರೆಗೆ ದೇಶದಾದ್ಯಂತ ಬಿಸಿಲಾಘಾತದಿಂದ ಸತ್ತವರು 110 ಮಂದಿ ಎಂದು ಕೇಂದ್ರ ಆರೋಗ್ಯ ಇಲಾಖೆಯ ಅಂಕಿ ಹೇಳಿತು. ಅದೇ ವರ್ಷ ಜೂನ್ 1ರಂದು, ಲೋಕಸಭಾ ಚುನಾವಣೆಯ ಕೊನೆಯ ಹಂತದಲ್ಲಿ, ಉತ್ತರ ಪ್ರದೇಶ ಒಂದರಲ್ಲೇ 33 ಮತಗಟ್ಟೆ ಸಿಬ್ಬಂದಿ ಬಿಸಿಲಿಗೆ ಸತ್ತರೆಂದು ಅಲ್ಲಿನ ಮುಖ್ಯ ಚುನಾವಣಾಧಿಕಾರಿಯೇ ತಿಳಿಸಿದರು. ಗೃಹರಕ್ಷಕರು, ಸ್ವಚ್ಛತಾ ಕೆಲಸಗಾರರು ಆ ಪಟ್ಟಿಯಲ್ಲಿದ್ದರು. ಈ ಎರಡು ಅಂಕಿಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ಇಡೀ ದೇಶ, ಮೂರೂವರೆ ತಿಂಗಳು, 110. ಒಂದು ರಾಜ್ಯ, ಒಂದು ದಿನ, ಒಂದು ಬಗೆಯ ಕೆಲಸದವರು, 33. ಚುನಾವಣಾ ಸಿಬ್ಬಂದಿಯ ಸಾವು ಲೆಕ್ಕಕ್ಕೆ ಸಿಕ್ಕಿತು, ಏಕೆಂದರೆ ಅವರ ಹೆಸರು ಒಂದು ಪಟ್ಟಿಯಲ್ಲಿತ್ತು, ಪರಿಹಾರದ ಪ್ರಶ್ನೆಯಿತ್ತು. ಯಾವ ಪಟ್ಟಿಯಲ್ಲೂ ಇಲ್ಲದ ಹಮಾಲ, ಇಟ್ಟಿಗೆ ಭಟ್ಟಿಯ ಹೆಂಗಸು, ತಗಡಿನ ಕೆಳಗೆ ಮಲಗಿದ ಮುದುಕ ಸತ್ತರೆ ಮರಣ ಪತ್ರದಲ್ಲಿ "ಹೃದಯಾಘಾತ" ಎಂದು ಬರೆದು ಮುಗಿಸುತ್ತಾರೆ. ಹಿಂದಿನ ಅಂಕಿಗಳೂ ಹೀಗೇ. 2015ರ ಬೇಸಿಗೆಗೆ ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರದ ಲೆಕ್ಕ 2,040, ಅಪರಾಧ ದಾಖಲೆ ವಿಭಾಗದ್ದು 1,908. ಒಂದೇ ಸರ್ಕಾರದ ಎರಡು ಅಂಗಗಳಿಗೆ ಎಷ್ಟು ಜನ ಸತ್ತರೆಂಬುದರಲ್ಲೇ ಒಮ್ಮತವಿಲ್ಲ. ಬಿಸಿಲಿನಿಂದ ಕರ್ನಾಟಕದಲ್ಲಿ ಅಷ್ಟೇನೂ ಸಾವಿಲ್ಲ ಎಂದು ಸಮಾಧಾನ ಹೇಳುವವರು ಯಾವ ಲೆಕ್ಕವನ್ನು ನೆಚ್ಚಿಕೊಂಡಿದ್ದಾರೆ?

ಆ ಚುನಾವಣೆಯ ಬಗ್ಗೆ ಇನ್ನೊಂದು ಮಾತು. ಉತ್ತರ ಕರ್ನಾಟಕವೂ ಸೇರಿದಂತೆ ರಾಜ್ಯದ 14 ಕ್ಷೇತ್ರಗಳಿಗೆ ಮತದಾನ ನಡೆದದ್ದು ಮೇ 7ರಂದು. ಶಾಲಾ ಶಿಕ್ಷಕರು, ಅಂಗನವಾಡಿಯವರು, ಪೊಲೀಸರು ಹಿಂದಿನ ದಿನವೇ ಮಸ್ಟರಿಂಗ್ ಕೇಂದ್ರದಲ್ಲಿ ಸರದಿ ನಿಂತು, ಪೆಟ್ಟಿಗೆ ಹೊತ್ತು, ಬಸ್ಸಿನಲ್ಲಿ ಕಾದು, ಫ್ಯಾನಿದೆಯೋ ಇಲ್ಲವೋ ತಿಳಿಯದ ಕೊಠಡಿಯಲ್ಲಿ ರಾತ್ರಿ ಕಳೆದು, ಮರುದಿನ ಸಂಜೆಯವರೆಗೂ ಮತಗಟ್ಟೆ ನಡೆಸಿದರು. ಎಲ್ಲ ಹಂತಗಳೂ ಮುಗಿದ ಮೇಲೆ ಮುಖ್ಯ ಚುನಾವಣಾ ಆಯುಕ್ತರು ಚುನಾವಣೆಯನ್ನು ಒಂದು ತಿಂಗಳು ಮುಂಚೆಯೇ ಮುಗಿಸಬೇಕಿತ್ತೆಂದು ಒಪ್ಪಿಕೊಂಡರು. ದಿನಾಂಕ ಗೊತ್ತುಮಾಡುವ ಅಧಿಕಾರವಿದ್ದ ಸಂಸ್ಥೆಯೇ ಸಾವುಗಳಾದ ಮೇಲೆ ಹೇಳಿದ ಮಾತಿದು. ದಿನಾಂಕಗಳನ್ನು ಆರಿಸಿದ್ದು ಆಯೋಗವೇ, ಆದ್ದರಿಂದ ಆ ಸಾವುಗಳನ್ನು ಸೂರ್ಯನ ಲೆಕ್ಕಕ್ಕೆ ಬರೆಯಲು ನಾನು ಒಪ್ಪುವುದಿಲ್ಲ.

ಈಗ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಬನ್ನಿ. ಬಿಸಿಲಿನ ಸಿದ್ಧತೆ ಇದೆಯೋ ಇಲ್ಲವೋ ಎಂಬುದು ತೀರ್ಮಾನವಾಗುವ ಜಾಗ ಇದು. ಝಳ ಬಡಿದು ಪ್ರಜ್ಞೆ ತಪ್ಪಿದವರಿಗೆ ಇರುವುದು ಒಂದೇ ಮದ್ದು: ಮೈಯನ್ನು ತಕ್ಷಣ ತಣಿಸುವುದು. ಮೊದಲ ಅರ್ಧ ಗಂಟೆಯೊಳಗೆ ತಣ್ಣೀರಿನಲ್ಲಿ ಮುಳುಗಿಸಬೇಕು, ಇಲ್ಲವೇ ಮೈತುಂಬ ನೀರು ಸುರಿದು ಗಾಳಿ ಹಾಕುತ್ತ ಕಂಕುಳು, ಕುತ್ತಿಗೆ, ತೊಡೆಸಂದಿಗೆ ಮಂಜುಗಡ್ಡೆ ಒತ್ತಬೇಕು. ಜ್ವರದ ಮಾತ್ರೆ ಇಲ್ಲಿ ಕೆಲಸ ಮಾಡುವುದಿಲ್ಲ. ಮೊದಲು ತಣಿಸಿ ಆಮೇಲೆ ದೊಡ್ಡ ಆಸ್ಪತ್ರೆಗೆ ಸಾಗಿಸುವುದು ನಿಯಮ. ನಮ್ಮಲ್ಲಿ ನಡೆಯುವುದು ತಿರುವುಮುರುವು: ಸಲೈನ್ ಏರಿಸಿ, ಆಂಬುಲೆನ್ಸಿಗೆ ಫೋನ್ ಮಾಡಿ, ಜಿಲ್ಲಾಸ್ಪತ್ರೆಗೆ ಕಳಿಸುತ್ತಾರೆ. ದಾರಿಯಲ್ಲಿ ಕಳೆದುಹೋಗುವ ಒಂದೊಂದು ನಿಮಿಷವೂ ಮಿದುಳಿನ ಮೇಲೆ ಬೀಳುತ್ತದೆ. ದೆಹಲಿಯ ರಾಮ ಮನೋಹರ ಲೋಹಿಯಾ ಆಸ್ಪತ್ರೆ 2024ರಲ್ಲಿ ಮಂಜುಗಡ್ಡೆ ಯಂತ್ರ, ಮುಳುಗಿಸುವ ತೊಟ್ಟಿಗಳ ಸಮೇತ ಬಿಸಿಲಾಘಾತದ ವಿಶೇಷ ಘಟಕವನ್ನು ತೆರೆಯಿತು. ಸೇಡಂ, ಸುರಪುರ, ಲಿಂಗಸುಗೂರಿನ ತಾಲ್ಲೂಕು ಆಸ್ಪತ್ರೆಗಳಿಗೆ ಅಷ್ಟು ದೊಡ್ಡದು ಬೇಡ. ಒಂದು ಟಾರ್ಪಾಲು, ಒಂದು ನೀರಿನ ಡ್ರಮ್ಮು, ಹತ್ತಿರದ ಐಸ್ ಕಾರ್ಖಾನೆಯ ಜೊತೆ ಒಂದು ಒಪ್ಪಂದ, ದೇಹದೊಳಗಿನ ಉಷ್ಣತೆ ಅಳೆಯುವ ಥರ್ಮಾಮೀಟರು, ಕೈ ಪಳಗಿದ ಇಬ್ಬರು ನರ್ಸುಗಳು ಇದ್ದರೆ ಜೀವ ಉಳಿಯುತ್ತದೆ. ಸಲಹಾಪಟ್ಟಿಯಲ್ಲಿ ಮಜ್ಜಿಗೆಯ ಮಾತಿದೆ. ಆಸ್ಪತ್ರೆಯಲ್ಲಿ ಮಂಜುಗಡ್ಡೆ ಎಲ್ಲಿಂದ ಬರುತ್ತದೆ ಎಂಬ ಮಾತಿಲ್ಲ.

ಔಷಧಗಳ ಕತೆ ಇನ್ನೂ ಯಾರ ಕಣ್ಣಿಗೂ ಬಿದ್ದಿಲ್ಲ. ಹೆರಿಗೆಯ ನಂತರದ ರಕ್ತಸ್ರಾವ ನಿಲ್ಲಿಸುವ ಆಕ್ಸಿಟೋಸಿನ್ ಚುಚ್ಚುಮದ್ದನ್ನು 2ರಿಂದ 8 ಡಿಗ್ರಿಯಲ್ಲಿಡಬೇಕು. ಬಿಸಿಯಲ್ಲಿ ಅದರ ಶಕ್ತಿ ಕುಂದುತ್ತದೆ, ನೋಡಲು ಮಾತ್ರ ನೀರಿನಂತೆ ತಿಳಿಯಾಗಿಯೇ ಇರುತ್ತದೆ. ಕರೆಂಟು ಹೋಗುವ ಮೇ ಮಧ್ಯಾಹ್ನ ಹೆರಿಗೆ ಕೋಣೆಯ ಫ್ರಿಜ್ಜು ಎಷ್ಟು ಹೊತ್ತು ತಂಪಾಗಿತ್ತೆಂದು ಬರೆದಿಡುವವರು ಯಾರು? ರಕ್ತಸ್ರಾವದಿಂದ ತಾಯಿ ಸತ್ತರೆ ಆ ಸಾವನ್ನು ಬಿಸಿಲಿನ ಖಾತೆಗೆ ಯಾರೂ ಬರೆಯುವುದಿಲ್ಲ. ಲಸಿಕೆಗಳ ಶೈತ್ಯ ಸರಪಳಿ ಇದಕ್ಕಿಂತ ಗಟ್ಟಿಯಾಗಿದೆ, ಅದನ್ನು ಒಪ್ಪಬೇಕು. ದಶಕಗಳ ಕಾಲ ಅದರ ಮೇಲೆ ಹಣ, ತರಬೇತಿ, ಲೆಕ್ಕಪುಸ್ತಕ ಎಲ್ಲವನ್ನೂ ಸುರಿದದ್ದರ ಫಲ ಅದು. ಉಷ್ಣವಲಯದಲ್ಲಿ ಬಳಸುವ ಲಸಿಕೆ ಪೆಟ್ಟಿಗೆಗಳನ್ನು 43 ಡಿಗ್ರಿ ಶಾಖದಲ್ಲಿಟ್ಟು ಎಷ್ಟು ಗಂಟೆ ತಾಳುತ್ತವೆಂದು ಪರೀಕ್ಷಿಸಿಯೇ ಕೊಳ್ಳುತ್ತಾರೆ. ಆ ಪೆಟ್ಟಿಗೆಯನ್ನು ಹೆಗಲಿಗೆ ಹಾಕಿಕೊಂಡು ಅದೇ 43 ಡಿಗ್ರಿಯಲ್ಲಿ ತಾಂಡಾಕ್ಕೆ ನಡೆದುಹೋಗುವ ಹೆಣ್ಣುಮಗಳು ಎಷ್ಟು ಗಂಟೆ ತಾಳುತ್ತಾಳೆ ಎಂಬುದಕ್ಕೆ ಇಲಾಖೆಯಲ್ಲಿ ಯಾವ ನಿಯಮವೂ ಕಾಣುವುದಿಲ್ಲ. ಈ ವ್ಯತ್ಯಾಸ ನನ್ನನ್ನು ಸಿಟ್ಟಿಗೆಬ್ಬಿಸುತ್ತದೆ. ಮನಸ್ಸಿಟ್ಟರೆ ಈ ಸರ್ಕಾರಕ್ಕೆ ಬಿಸಿಲಿನ ಎದುರು ಒಂದು ಇಡೀ ವ್ಯವಸ್ಥೆಯನ್ನೇ ಕಟ್ಟಲು ಬರುತ್ತದೆ, ಲಸಿಕೆಯಲ್ಲಿ ಅದು ಕಟ್ಟಿ ತೋರಿಸಿದೆ. ಮನುಷ್ಯರ ವಿಷಯದಲ್ಲಿ ಮನಸ್ಸಿಟ್ಟಿಲ್ಲ.

ಬರದ ವಿಷಯದಲ್ಲೂ ಅಷ್ಟೇ. ಮಳೆ ಕೈಕೊಟ್ಟರೆ ನಮ್ಮ ಆಡಳಿತಕ್ಕೆ ಮಾಡಬೇಕಾದ್ದು ಗೊತ್ತಿದೆ. ಮಳೆಕೊರತೆ, ತೇವಾಂಶ, ಬೆಳೆಸ್ಥಿತಿಗೆ ಮಾನದಂಡಗಳಿವೆ, ಕೈಪಿಡಿಯಿದೆ, ತಾಲ್ಲೂಕುವಾರು ಘೋಷಣೆಯಿದೆ. 2023ರಲ್ಲಿ ರಾಜ್ಯ 223 ತಾಲ್ಲೂಕುಗಳನ್ನು ಬರಪೀಡಿತವೆಂದು ಸಾರಿತು. 2024ರ ಬೇಸಿಗೆ ರಜೆಯಲ್ಲೂ ಆ ತಾಲ್ಲೂಕುಗಳ ಶಾಲಾ ಮಕ್ಕಳಿಗೆ ಬಿಸಿಯೂಟ ನಡೆಸಿತು. ಕೇಂದ್ರದ ಪರಿಹಾರ ಬರಲಿಲ್ಲವೆಂದು ಸುಪ್ರೀಂ ಕೋರ್ಟಿನ ಮೆಟ್ಟಿಲು ಹತ್ತಿತು. ಬರಕ್ಕಾಗಿ ಇಷ್ಟು ಗಟ್ಟಿ ದನಿಯಲ್ಲಿ ಮಾತಾಡಿದ ರಾಜ್ಯ ಬಿಸಿಲಿಗಾಗಿ ಆ ದನಿ ತೆಗೆದದ್ದಿಲ್ಲ. ಕೇಂದ್ರದ ತಪ್ಪು ಸಣ್ಣದೇನಲ್ಲ: 2021ರಿಂದ 26ರ ಅವಧಿಗೆ ವಿಪತ್ತು ಪರಿಹಾರ ನಿಧಿಗೆ ಅರ್ಹವಾದ 12 ವಿಪತ್ತುಗಳ ಪಟ್ಟಿಯಲ್ಲಿ ಹಿಮಕುಸಿತವಿತ್ತು, ಶೀತಗಾಳಿಯಿತ್ತು, ಶಾಖದ ಅಲೆ ಇರಲಿಲ್ಲ. ಪಟ್ಟಿ ಹಿಗ್ಗಿಸುವ ಅಗತ್ಯವಿಲ್ಲವೆಂದು 15ನೇ ಹಣಕಾಸು ಆಯೋಗ ಅಭಿಪ್ರಾಯಪಟ್ಟಿತು. ಆದರೂ ರಾಜ್ಯಗಳು ತಮ್ಮ ವಿಪತ್ತು ನಿಧಿಯ ಶೇ 10ರಷ್ಟನ್ನು ಸ್ಥಳೀಯ ವಿಪತ್ತುಗಳಿಗೆ ಬಳಸಬಹುದಿತ್ತು. ತಮಿಳುನಾಡು 2024ರ ಅಕ್ಟೋಬರಿನಲ್ಲಿ, ತೆಲಂಗಾಣ 2025ರ ಏಪ್ರಿಲ್‌ನಲ್ಲಿ ಶಾಖದ ಅಲೆಯನ್ನು ರಾಜ್ಯದ ವಿಪತ್ತೆಂದು ಸಾರಿ, ಸತ್ತವರ ಕುಟುಂಬಕ್ಕೆ ₹4 ಲಕ್ಷ ಪರಿಹಾರ ಗೊತ್ತುಮಾಡಿದವು. ಪರಿಹಾರ ಬೇಕು, ಆದರೆ ಅದು ಸತ್ತ ಮೇಲಿನ ಮಾತು. ಒಡಿಶಾದಿಂದ ಕಲಿಯುವುದು ಹೆಚ್ಚಿದೆ. 1998ರಲ್ಲಿ ಅಲ್ಲಿ ಬಿಸಿಲಿಗೆ 2,042 ಜನ ಸತ್ತರು. ಆಮೇಲೆ ಆ ಬಡ ರಾಜ್ಯ ಶಾಲೆಯ ವೇಳೆ, ಕೂಲಿಯ ವೇಳೆ, ಬಸ್ಸಿನ ವೇಳೆ ಮೂರನ್ನೂ ಒಟ್ಟಿಗೆ ಬದಲಿಸಲು ಕಲಿತು, ಬೀದಿಬೀದಿಗೆ ಅರವಟ್ಟಿಗೆ ಇಡಿಸಿತು. ಅಷ್ಟು ದೊಡ್ಡ ಸಂಖ್ಯೆಯ ಸಾವು ಅಲ್ಲಿ ಮರುಕಳಿಸಿಲ್ಲ. ನಾವು ಮೂರರ ಬದಲು ಒಂದನ್ನು, ಅದೂ ಕಚೇರಿಯ ವೇಳೆಯನ್ನು, ಬದಲಿಸಿ ಕೈತೊಳೆದುಕೊಂಡಿದ್ದೇವೆ.

ಕಾರ್ಯಯೋಜನೆಗಳಿವೆಯಲ್ಲ ಎಂದು ಕೆಲವರು ಕೇಳಬಹುದು. ದೇಶದ 18 ರಾಜ್ಯಗಳ 37 ಶಾಖ ಕಾರ್ಯಯೋಜನೆಗಳನ್ನು ದೆಹಲಿಯ ಸೆಂಟರ್ ಫಾರ್ ಪಾಲಿಸಿ ರಿಸರ್ಚ್ 2023ರಲ್ಲಿ ಓದಿ ನೋಡಿತು. ಹಣ ಎಲ್ಲಿಂದ ಬರುತ್ತದೆಂದು ಹೇಳಿದವು 11 ಮಾತ್ರ, ಅವುಗಳಲ್ಲೂ 8 ಯೋಜನೆಗಳು ಇಲಾಖೆಗಳು ತಾವೇ ಹೊಂದಿಸಿಕೊಳ್ಳಲಿ ಎಂದಿದ್ದವು. ಯಾರು ಹೆಚ್ಚು ಅಪಾಯದಲ್ಲಿದ್ದಾರೆಂದು ವಿಧಿವತ್ತಾಗಿ ಗುರುತಿಸಿದವು ಎರಡೇ ಎರಡು. ದುಡ್ಡಿಲ್ಲದ, ಹೊಣೆಗಾರರಿಲ್ಲದ ಯೋಜನೆಗಳಿಗೆ ಪುಟ ಹೆಚ್ಚಿಸುವುದರಿಂದ ಯಾರ ಮೈಯೂ ತಣಿಯುವುದಿಲ್ಲ.

ಉಳಿದದ್ದು ದುಡ್ಡಿನ ಮಾತು. ನಮ್ಮಲ್ಲಿ ಎಲ್ಲಿದೆ ಹಣ ಎನ್ನುವವರಿಗೆ ಎರಡು ಉತ್ತರ. ಮೊದಲನೆಯದು, ಬೇಕಾದದ್ದರಲ್ಲಿ ಅರ್ಧಕ್ಕೆ ಹಣವೇ ಬೇಕಿಲ್ಲ. ಅಹಮದಾಬಾದಿನ ಶಾರದಾಬೆನ್ ಆಸ್ಪತ್ರೆಯಲ್ಲಿ ಬಾಣಂತಿಯರ ವಾರ್ಡು ಕಾದ ಚಾವಣಿಯ ಕೆಳಗೆ, ಮೇಲಿನ ಮಹಡಿಯಲ್ಲಿತ್ತು. ಅದನ್ನು ನೆಲಮಹಡಿಗೆ ಇಳಿಸಿದರು. ಬಿಸಿಲ ಬಾಧೆಯಿಂದ ತೀವ್ರ ನಿಗಾ ಘಟಕ ಸೇರುವ ಕೂಸುಗಳ ಸಂಖ್ಯೆ ಇಳಿಯಿತು. ಅವರು ಮಂಚ ಸಾಗಿಸಿದರು, ಅಷ್ಟೇ. ನಮ್ಮ ಎಷ್ಟು ತಾಲ್ಲೂಕು ಆಸ್ಪತ್ರೆಗಳಲ್ಲಿ ಬಾಣಂತಿಯರ ವಾರ್ಡು ಯಾವ ಮಹಡಿಯಲ್ಲಿದೆ ಎಂದು ಜಿಲ್ಲಾ ಆರೋಗ್ಯಾಧಿಕಾರಿಗಳು ಈ ವಾರವೇ ಕೇಳಿ ತಿಳಿದುಕೊಳ್ಳಬಹುದು. ಗುತ್ತಿಗೆಯ ಪೌರಕಾರ್ಮಿಕರ ಪಾಳಿಯನ್ನು ಹನ್ನೊಂದಕ್ಕೆ ನಿಲ್ಲಿಸಿ ಸಂಜೆಗೆ ಮುಂದುವರಿಸಲು, ಉಳಿದ ಹೊತ್ತಿನ ಕೂಲಿ ಕಡಿಯಬಾರದೆಂದು ಗುತ್ತಿಗೆದಾರರಿಗೆ ಷರತ್ತು ಹಾಕಲು ಪುರಸಭೆಯ ಒಂದು ಠರಾವು ಸಾಕು.

ಎರಡನೆಯದು, ಹಣವಿದೆ. ಸಂವಿಧಾನದ 371ಜೆ ಅಡಿಯಲ್ಲಿ ಈ ಭಾಗಕ್ಕೆಂದೇ ಇರುವ ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಗೆ ಇತ್ತೀಚಿನ ಬಜೆಟ್‌ಗಳು ವರ್ಷಕ್ಕೆ ₹5,000 ಕೋಟಿ ಘೋಷಿಸುತ್ತ ಬಂದಿವೆ. ಶಾಲಾ ಕೊಠಡಿ, ಅಂಗನವಾಡಿ, ಆರೋಗ್ಯ ಕೇಂದ್ರಗಳು ಆ ಹಣದಲ್ಲಿ ಏಳುತ್ತಿವೆ. ನಾಡಿನ ಅತಿ ಬಿಸಿಯ ಜಿಲ್ಲೆಗಳಲ್ಲಿ, ಮುಂದಿನ ಐವತ್ತು ವರ್ಷ ನಿಲ್ಲಬೇಕಾದ ಕಟ್ಟಡಗಳಿವು. ಹಾಗಿರುವಾಗ ಮಂಡಳಿ ತನ್ನ ಮುಂದಿನ ಕ್ರಿಯಾಯೋಜನೆಯಲ್ಲಿ ಒಂದು ಷರತ್ತು ಹಾಕಲಿ: ಚಾವಣಿಗೆ ಶಾಖ ತಡೆಯುವ ಪದರ, ಬಿಳಿ ಲೇಪನ, ಪಡುವಣ ಗೋಡೆಗೆ ಪಡಸಾಲೆ, ಎದುರುಬದುರು ಕಿಟಕಿ, ಕುಡಿಯುವ ನೀರು, ಫ್ಯಾನು ಮತ್ತು ಔಷಧದ ಫ್ರಿಜ್ಜನ್ನು ನಡೆಸುವಷ್ಟು ಸೋಲಾರ್ ಇಲ್ಲದ ಯಾವ ಕಟ್ಟಡದ ಅಂದಾಜು ಪಟ್ಟಿಗೂ ಮಂಜೂರಾತಿ ಸಿಗಬಾರದು. ಈಗಾಗಲೇ ಮಂಜೂರಾಗಿ ಬುನಾದಿ ಏಳದಿರುವ ಕಟ್ಟಡಗಳ ನಕ್ಷೆಯನ್ನೂ ವಾಪಸು ತರಿಸಿಕೊಂಡು ತಿದ್ದಬೇಕು. ತಗಡಿನ ಕೆಳಗೆ ನಡೆಯುತ್ತಿರುವ ಅಂಗನವಾಡಿಗಳ ಪಟ್ಟಿಯನ್ನು ಪ್ರತಿ ಜಿಲ್ಲಾ ಪಂಚಾಯಿತಿ ಬರುವ ಜನವರಿಯೊಳಗೆ ಪ್ರಕಟಿಸಬೇಕು, ಚಾವಣಿ ಬದಲಾದ ತಾರೀಖನ್ನು ಅದೇ ಪಟ್ಟಿಯಲ್ಲಿ ಹೆಸರಿನ ಎದುರು ಬರೆಯಬೇಕು. ಪಟ್ಟಿಯನ್ನು ನಾವು ಕೇಳುತ್ತೇವೆ, ಪಂಚಾಯಿತಿಯ ಮುಂದೆ ನಿಂತು ಓದಿಸುತ್ತೇವೆ.